ಬಾವಿಗೆ ನೂಕಿದವನಿಂದ ‘ಸೈಕೋ’ವರೆಗೆ

ಸಿರಿವಂತರ ಮನೆಯ ಒಬ್ಬನೇ ಮಗ. ಕೇಳಿದ್ದೆಲ್ಲ ಕೊಟ್ಟು ತಾಯಿ ಮುದ್ದಾಗಿ ಬೆಳೆಸಿದ್ದಳು. ದೊಡ್ಡವನಾದ ಮೇಲೆ ನಾಯಿಯೋ ಕುದುರೆಯೋ ಸಿಟ್ಟು ಬರಿಸಿದರೆ ಸಾಕು, ಅಲ್ಲೇ ಕೊಲ್ಲುತ್ತಿದ್ದ. ಸಿಟ್ಟಿಳಿದಾಗ ಮಾತ್ರ ಜಮೀನಿನ ವ್ಯವಹಾರ ಅಚ್ಚುಕಟ್ಟು. ಕೊನೆಗೆ, ಬೈದಳು ಅಂತ ಒಬ್ಬ ಹೆಂಗಸನ್ನು ಬಾವಿಗೆ ನೂಕಿಬಿಟ್ಟ. ಪ್ಯಾರಿಸ್‌ನ ವೈದ್ಯ ಫಿಲಿಪ್ ಪಿನೆಲ್ ಬರೆದಿಟ್ಟ ಕಥೆ ಇದು. ಇವನಿಗೆ ಭ್ರಮೆಯಿಲ್ಲ, ಬುದ್ಧಿಯೂ ನೆಟ್ಟಗಿದೆ. ಹಾಗಾದರೆ ಏನನ್ನಬೇಕು? 1801ರಲ್ಲಿ ಪಿನೆಲ್ ಇಟ್ಟ ಹೆಸರು ‘ಭ್ರಮೆಯಿಲ್ಲದ ಹುಚ್ಚು’.

‘ಸೈಕೋಪಥಿ’ ಅನ್ನುವ ಪದ ಬಂದದ್ದು ಆಮೇಲೆ, ಜರ್ಮನಿಯಿಂದ. ಅದರ ಗ್ರೀಕ್ ಬೇರಿನ ಅರ್ಥ ‘ಮನಸ್ಸಿನ ನೋವು’, ಅಷ್ಟೇ. ಮೊದಮೊದಲು ಬಗೆಬಗೆಯ ಮನೋತೊಂದರೆಗೆಲ್ಲ ಅದೇ ಪದ ಬಳಸಿದರು. ಯಾವ ಮನೋರೋಗಿಯನ್ನು ಕಂಡರೂ ‘ಸೈಕೋ’ ಅನ್ನುವ ಈಗಿನ ಗೊಂದಲ ಶುರುವಾದದ್ದೇ ಅಲ್ಲಿ ಅಂತ ನನಗನ್ನಿಸುತ್ತದೆ. 1941ರಲ್ಲಿ ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ ಸೈಕೋಪಾತ್ ಅಂದರೆ ಯಾರು ಅನ್ನುವ ಚಿತ್ರ ಸ್ಪಷ್ಟಮಾಡಿದರು: ಮಾತಿನಲ್ಲಿ ಮೋಡಿ, ಸುಳ್ಳು ನೀರು ಕುಡಿದಷ್ಟು ಸಲೀಸು, ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಅವರು ವರ್ಣಿಸಿದವರಲ್ಲಿ ಹೆಚ್ಚಿನವರು ಕೊಲೆಗಾರರೇ ಅಲ್ಲ. ಮುಂದೆ ಕೆನಡಾದ ಮನೋವಿಜ್ಞಾನಿ ರಾಬರ್ಟ್ ಹೇರ್ ಸೈಕೋಪಥಿಯನ್ನು ಅಳೆಯಲು 20 ಲಕ್ಷಣಗಳ ಪಟ್ಟಿ ಮಾಡಿದರು. ಒಟ್ಟು 40 ಅಂಕ. ತರಬೇತಿ ಪಡೆದವರು ಸಂದರ್ಶನ ಮಾಡಿ, ಹಳೇ ದಾಖಲೆ ಓದಿ ಅಂಕ ಕೊಡಬೇಕು. ಟಿವಿ ಸ್ಟುಡಿಯೋದಲ್ಲಿ ಕೂತು ಹೇಳುವ ಮಾತಲ್ಲ.

ಕಾನೂನು ಬೇರೆಯೇ ದಾರಿ ಹಿಡಿಯಿತು. 1843ರಲ್ಲಿ ಲಂಡನ್‌ನಲ್ಲಿ ಡೇನಿಯಲ್ ಮೆಕ್‌ನಾಟನ್ ಪ್ರಧಾನಿಯ ಕಾರ್ಯದರ್ಶಿಗೆ ಗುಂಡು ಹೊಡೆದ. ಆಳುವ ಪಕ್ಷದವರು ತನ್ನ ಬೆನ್ನು ಬಿದ್ದಿದ್ದಾರೆ ಅನ್ನುವುದು ಅವನ ಭ್ರಮೆ. ಆ ಮೊಕದ್ದಮೆಯಿಂದ ಹುಟ್ಟಿದ ನಿಯಮವೇ ನಮ್ಮ ಐಪಿಸಿಯ 84ನೇ ಸೆಕ್ಷನ್‌ಗೆ ಬಂತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್. ಅದು ಕೇಳುವುದು ಇಷ್ಟು: ಮನೋರೋಗದಿಂದಾಗಿ, ಆ ಹೊತ್ತಿನಲ್ಲಿ ತಾನೇನು ಮಾಡುತ್ತಿದ್ದೇನೆ ಅಥವಾ ಅದು ತಪ್ಪು ಅನ್ನುವ ಅರಿವು ಅವನಿಗಿರಲಿಲ್ಲವೇ? ಸೈಕೋಪಾತ್‌ಗೆ ಸಾಮಾನ್ಯವಾಗಿ ಅರಿವಿರುತ್ತದೆ, ಹಾಗಾಗಿ ಶಿಕ್ಷೆಯಿಂದ ವಿನಾಯಿತಿ ಸಿಗುವುದಿಲ್ಲ. ಸ್ಕಿಜೋಫ್ರೇನಿಯಾ, ಅಂದರೆ ಭ್ರಮೆ ಹುಟ್ಟಿಸುವ, ಇಲ್ಲದ ದನಿ ಕೇಳಿಸುವ ಮನೋರೋಗ, ಜಾಸ್ತಿಯಾದವನಿಗೆ ಆ ಗಳಿಗೆಯಲ್ಲಿ ಅರಿವು ಇಲ್ಲದೆಯೂ ಇರಬಹುದು.

ಕೋರ್ಟಿನಲ್ಲಿ ಇಷ್ಟು ಬೇರೆಯಾದ ಇಬ್ಬರಿಗೂ ನಮ್ಮ ಬೀದಿಯಲ್ಲಿ ಒಂದೇ ಹೆಸರು, ‘ಸೈಕೋ’. ಪೆಟ್ಟು ಬೀಳುವುದು ಯಾರಿಗೆ? ನನಗೆ ಗೊತ್ತಿರುವ ಮನೆಯೊಂದರಲ್ಲಿ ಸ್ಕಿಜೋಫ್ರೇನಿಯಾ ಇರುವ ಮಗನಿದ್ದಾನೆ. ಇವತ್ತಿನವರೆಗೆ ಯಾರ ಮೇಲೂ ಕೈ ಎತ್ತಿದವನಲ್ಲ. ಅವನ ಮಾತ್ರೆಗಳನ್ನು ಅಮ್ಮ ಸಾಸಿವೆ ಡಬ್ಬದ ಹಿಂದೆ ಇಡುತ್ತಾರೆ. ಬಂದವರ ಕಣ್ಣಿಗೆ ಬೀಳದಿರಲಿ ಅಂತ.