ಟ್ರೆಸಿಯೋ: ಜಾಝ್‌ಗೂ ಮುಂಚೆ ಗಾಟ್‌ಶಾಕ್ ಹಿಡಿದ ಮೂರು ಪೆಟ್ಟು

ಎಂಟು ಮಾತ್ರೆಯನ್ನು ನಾಲ್ಕು ನಾಲ್ಕಾಗಿ ಹಂಚಿದರೆ ತಕಧಿಮಿ ತಕಧಿಮಿ. ಮೂರು, ಮೂರು, ಎರಡಾಗಿ ಮುರಿದರೆ ತಕಿಟ ತಕಿಟ ತಕ. ಈ ಎರಡನೆಯ ಬಗೆಗೆ ಕ್ಯೂಬಾದ ಸಂಗೀತದಲ್ಲಿ ಟ್ರೆಸಿಯೋ ಎಂದು ಹೆಸರು. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಇದು 2/4ರ ಒಂದು ಬಾರ್, ಅಂದರೆ ಎರಡು ಬೀಟಿನ ಒಂದು ಸುತ್ತು: ಎಂಟು ಸೆಮಿಕ್ವೇವರ್‌ಗಳಲ್ಲಿ (ಕಾಲು ಬೀಟಿನ ಮಾತ್ರೆಗಳಲ್ಲಿ) 1, 4, 7ನೆಯದರ ಮೇಲೆ ಪೆಟ್ಟು. ತಾಳದ ಬೀಟ್ ಇರುವುದು 1 ಮತ್ತು 5ರಲ್ಲಿ. ಹಾಗಾಗಿ ನಡುವಿನ ಪೆಟ್ಟು ಬೀಟಿಗಿಂತ ಒಂದು ಮಾತ್ರೆ ಮೊದಲೇ ಬಂದುಬಿಡುತ್ತದೆ. ಕಿವಿ 5ಕ್ಕಾಗಿ ಕಾಯುತ್ತಿರುತ್ತದೆ, ಅಲ್ಲಿ ಏನೂ ಇಲ್ಲ. ಕಾಲು ಕುಣಿಯಲು ಹೊರಡುವುದು ಆ ಖಾಲಿ ಜಾಗದಿಂದ.

ಮೃದಂಗ ಬಲ್ಲವರಿಗೆ 3+3+2 ಹೊಸ ಲೆಕ್ಕವಲ್ಲ. ಆದರೆ ನಮ್ಮಲ್ಲಿ ಅದು ನುಡಿಸುವಾಗ ಬಂದು ಹೋಗುವ ಹಲವು ಹಂಚಿಕೆಗಳಲ್ಲಿ ಒಂದು. ಇಲ್ಲಿ ಅದೇ ನೆಲಗಟ್ಟು, ಬಾರ್ ಮೇಲೆ ಬಾರ್ ತಿರುಗುತ್ತಲೇ ಇರುತ್ತದೆ. ಇದನ್ನು ಅತೀತ, ಅನಾಗತ ಎಂದು ಕರೆಯುವುದೂ ಸರಿಹೊಂದದು. ಅವು ಹಾಡಿನ ಎಡುಪು, ಅಂದರೆ ಆರಂಭ, ತಾಳದ ಮೇಲೆ ಎಲ್ಲಿ ಬೀಳುತ್ತದೆ ಎಂಬುದನ್ನು ಹೇಳುವ ಮಾತುಗಳು. ಟ್ರೆಸಿಯೋ ಸಮದಿಂದಲೇ (ತಾಳದ ಮೊದಲ ಪೆಟ್ಟಿನಿಂದಲೇ) ಹೊರಡುತ್ತದೆ, ಒಳಗೆ ಹೋಗಿ ಜಾರುತ್ತದೆ.

ಇದರ ನೆಂಟರನ್ನೂ ಜೊತೆಗೇ ಗುರುತಿಸಿಕೊಳ್ಳಬೇಕು. ಹಬನೇರಾ ಎಂದರೆ 3+1+2+2: ತಕಿಟ ತ ತಕ ತಕ. ಟ್ರೆಸಿಯೋಗೆ 5ನೆಯ ಮಾತ್ರೆಯ ಪೆಟ್ಟನ್ನು ಸೇರಿಸಿದರೆ ಹಬನೇರಾ ಆಯಿತು. ಸಿಂಕಿಯೋ 2+1+2+1+2: ತಕ ತ ತಕ ತ ತಕ. ರ‍್ಯಾಗ್‌ಟೈಮ್‌ನಲ್ಲಿ (ಜಾಝ್‌ಗೂ ಮುಂಚಿನ ಅಮೆರಿಕದ ಪಿಯಾನೋ ಶೈಲಿ) ಮತ್ತೆ ಮತ್ತೆ ಕೇಳುವ ಕೇಕ್‌ವಾಕ್ ಲಯ 1+2+1+2+2: ತ ತಕ ತ ತಕ ತಕ. ನಾಲ್ಕನ್ನೂ ಒಂದರ ಕೆಳಗೊಂದು ಬರೆದು ಪೆಟ್ಟುಗಳಿಗೆ ಗುರುತು ಹಾಕಿ ನೋಡಿ. 1, 4, 7 ಎಲ್ಲದರಲ್ಲೂ ಸಿಗುತ್ತವೆ. ಅಸ್ಥಿಪಂಜರ ಒಂದೇ, ಮೈಮಾಂಸ ಬೇರೆ.

ಈ ಲಯವನ್ನು ಸಂಗೀತ ಕಛೇರಿಯ ಪಿಯಾನೋ ಮೇಲೆ ಧೈರ್ಯವಾಗಿ ಕೂರಿಸಿದವರಲ್ಲಿ ಮೊದಲಿಗ ಅಮೆರಿಕದ ಪಿಯಾನಿಸ್ಟ್, ಸಂಯೋಜಕ ಲೂಯಿ ಮೊರೊ ಗಾಟ್‌ಶಾಕ್. ಹುಟ್ಟಿದ್ದು 1829ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ತಂದೆ ಲಂಡನ್ ಮೂಲದ ಯಹೂದಿ ವ್ಯಾಪಾರಿ. ತಾಯಿಯ ಕಡೆಯವರು ಇಂದಿನ ಹೈಟಿಯಾದ ಸೆಂ-ದೊಮಾಂಗ್‌ನಿಂದ ಬಂದವರು. 13ನೇ ವಯಸ್ಸಿಗೆ ಪ್ಯಾರಿಸ್‌ಗೆ ಹೋದ. ಅಲ್ಲಿನ ಸಂಗೀತ ಶಾಲೆ ಕನ್ಸರ್ವೇಟರಿ ಅವನ ನುಡಿಸಾಣಿಕೆ ಕೇಳದೆಯೇ ಬಾಗಿಲು ಮುಚ್ಚಿತು. ಅಮೆರಿಕ ಉಗಿ ಯಂತ್ರಗಳ ನಾಡು, ಅಲ್ಲಿಂದ ಸಂಗೀತವೆಲ್ಲಿ ಬಂದೀತು ಎಂಬ ಧೋರಣೆ. ಅದೇ ಊರಿನಲ್ಲಿ ಹೆಸರಾಂತ ಸಂಯೋಜಕರಾದ ಶೋಪ್ಯಾಂ ಮತ್ತು ಬರ್ಲಿಯೋಜ್ ಆತನನ್ನು ಮೆಚ್ಚಿದರು.

1840ರ ದಶಕದ ಕೊನೆಯ 'ಬಾಂಬೂಲಾ' ಕ್ರಿಯೋಲ್ (ಫ್ರೆಂಚ್ ಬೆರೆತ ಆಡುನುಡಿಯ) ಹಾಡೊಂದರ ಧಾಟಿಯ ಮೇಲೆ ಕಟ್ಟಿದ್ದು. ಆದರೆ ಟ್ರೆಸಿಯೋ ಕುಟುಂಬ ಸ್ಪಷ್ಟವಾಗಿ ಕೇಳಬೇಕಾದರೆ ಕೆರಿಬಿಯನ್ ದ್ವೀಪಗಳಲ್ಲಿ ಅವನು ಅಲೆದ ವರ್ಷಗಳ ಕೃತಿಗಳಿಗೆ ಹೋಗಬೇಕು. 1859ರ 'ಸುವನೀರ್ ದ ಲಾ ಹವಾನ್'ನಲ್ಲಿ ಎಡಗೈ ಹಬನೇರಾ ಹಿಡಿದಿರುತ್ತದೆ. 'ಉಷ್ಣವಲಯದ ಒಂದು ರಾತ್ರಿ' ಎಂಬ ಸಿಂಫನಿಯ ಎರಡನೆಯ ಭಾಗದಲ್ಲಿ ಸಿಂಕಿಯೋ ಧಾರಾಳ. 1860ರಲ್ಲಿ ಹವಾನಾದಲ್ಲಿ ಇದನ್ನು ನುಡಿಸಿದಾಗ ಆಫ್ರೋ-ಕ್ಯೂಬನ್ ಡೋಲಿನವರನ್ನೂ ವಾದ್ಯವೃಂದಕ್ಕೆ ಸೇರಿಸಿಕೊಂಡಿದ್ದ. ಪೋರ್ಟೊ ರೀಕೊದ ನೆನಪಿನ ಕೃತಿ (ಓಪಸ್ 31) ದೂರದಿಂದ ಬಂದು, ಎದುರಿಗೆ ಅಬ್ಬರಿಸಿ, ಮತ್ತೆ ದೂರ ಸರಿಯುವ ಮೆರವಣಿಗೆ. ಮೊದಲ ಸಲ ಕೇಳುವವರು ಇದರಿಂದ ಶುರು ಮಾಡುವುದು ವಾಸಿ.

ಹಾಗಾದರೆ ಜಾಝ್ ಇವನಿಂದ ಹುಟ್ಟಿತೇ? ಇಲ್ಲ. ಇವನು 1869ರಲ್ಲಿ ರಿಯೋ ಡಿ ಜನೈರೋದಲ್ಲಿ ತೀರಿಕೊಂಡ. ಜಾಝ್‌ನ ಮೊದಲ ಧ್ವನಿಮುದ್ರಿಕೆ ಬಂದದ್ದು 1917ರಲ್ಲಿ. ಹವಾನಾ, ಹೈಟಿ, ನ್ಯೂ ಆರ್ಲಿಯನ್ಸ್ ನಡುವೆ ಜನರೊಂದಿಗೆ ಓಡಾಡಿದ ಲಯವನ್ನು ಇವನು ಮೊದಲೇ ಕಾಗದಕ್ಕಿಳಿಸಿದ, ಅಷ್ಟೇ. ನ್ಯೂ ಆರ್ಲಿಯನ್ಸ್‌ನವನೇ ಆದ ಜಾಝ್ ಪಿಯಾನಿಸ್ಟ್ ಜೆಲ್ಲಿ ರೋಲ್ ಮಾರ್ಟನ್ 1938ರಲ್ಲಿ, ಈ ಬಗೆಯ ಲಯವನ್ನೇ 'ಸ್ಪ್ಯಾನಿಷ್ ಛಾಯೆ' ಎಂದು ಕರೆದು, ಅದನ್ನು ಬೆರೆಸದಿದ್ದರೆ ಜಾಝ್‌ಗೆ ಒಗ್ಗರಣೆ ಕೂಡಿಬರುವುದಿಲ್ಲ ಎಂಬರ್ಥದ ಮಾತಾಡಿದ. ರ‍್ಯಾಗ್‌ಟೈಮ್ ಸಂಯೋಜಕ ಜಾಪ್ಲಿನ್‌ನ 'ಸೊಲೇಸ್' (1909), ಬ್ಲೂಸ್ ಸಂಯೋಜಕ ಹ್ಯಾಂಡಿಯ 'ಸೇಂಟ್ ಲೂಯಿಸ್ ಬ್ಲೂಸ್' (1914) ಎರಡರಲ್ಲೂ ಹಬನೇರಾ ಇದೆ.

ಗಾಟ್‌ಶಾಕ್ ಮುಂದೆ ಮರೆತುಹೋದ; ಅದಕ್ಕೆ ಕಾರಣ ಅವನ ಜನಪ್ರಿಯತೆಯೇ. ಮನೆಮನೆಯ ಪಿಯಾನೋದಲ್ಲಿ ಉಳಿದದ್ದು 'ದ ಲಾಸ್ಟ್ ಹೋಪ್'ನಂಥ ಕಣ್ಣೀರಿನ ಕೃತಿಗಳು. ರುಚಿ ಬದಲಾದಾಗ ಅವುಗಳ ಜೊತೆ ಉಳಿದವೂ ಮೂಲೆ ಸೇರಿದವು. 1951ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆ ಅವನ ಸಂಗೀತವನ್ನು ಬಳಸಿ 'ಕೇಕ್‌ವಾಕ್' ಆಡಿತು. ಆ ದಶಕದಲ್ಲೇ ಪಿಯಾನಿಸ್ಟ್ ಯೂಜೀನ್ ಲಿಸ್ಟ್ ಅವನ ಕೃತಿಗಳನ್ನು ಧ್ವನಿಮುದ್ರಿಸಿದ. 1969ರಲ್ಲಿ ವೀರಾ ಬ್ರಾಡ್ಸ್‌ಕಿ ಲಾರೆನ್ಸ್ ಅವನ ಪಿಯಾನೋ ಕೃತಿಗಳ ಐದು ಸಂಪುಟಗಳನ್ನು ಸಂಪಾದಿಸಿದರು. ಎರಡು ವರ್ಷದ ನಂತರ ಜಾಪ್ಲಿನ್‌ನ ಕೃತಿಗಳನ್ನು ಸಂಪಾದಿಸಿದ್ದೂ ಅವರೇ.

ನುಡಿಸಿ ನೋಡುವವರು ಮೆಟ್ರೊನೋಮ್ ಅನ್ನು (ಬೀಟ್ ಹೇಳುವ ಯಂತ್ರ) ನಿಮಿಷಕ್ಕೆ 50ಕ್ಕಿಡಿ. ಒಂದು ಕೈ 1 ಮತ್ತು 5ರಲ್ಲಿ ತೊಡೆ ತಟ್ಟಲಿ, ಬಾಯಿ ತಕಿಟ ತಕಿಟ ತಕ ಹೇಳಲಿ. ತಪ್ಪದೆ ಹದಿನಾರು ಸುತ್ತು ಬಂದ ಮೇಲೆ ಮಾತ್ರ ಇನ್ನೊಂದು ಕೈಯಿಂದ ಸೊಲ್ಲಿನ ಮೊದಲಕ್ಷರಗಳನ್ನು ತಟ್ಟಿ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಮೂರು ಪೆಟ್ಟುಗಳು ಸಮನಾಗಿ ಹರಡಿಕೊಳ್ಳುತ್ತವೆ. ಎಂಟನ್ನು ಮೂರರಿಂದ ಭಾಗಿಸಿದಂತಾಗಿ, 7ರಲ್ಲಿ ಬೀಳಬೇಕಾದ ಪೆಟ್ಟು ಆರೂಕಾಲರ ಸುಮಾರಿಗೆ ಬರುತ್ತದೆ. ಲಯ ಸತ್ತು ಬರಿ ತೂಗಾಟ ಉಳಿಯುತ್ತದೆ. ಸ್ಪ್ಯಾನಿಷ್‌ನಲ್ಲಿ ಟ್ರೆಸಿಯೋ ಪದಕ್ಕೆ 'ಮೂರು ಸಮಸ್ವರಗಳ ಗುಂಪು' ಎಂಬ ಅರ್ಥವೂ ಇರುವುದರಿಂದ ಹೆಸರೇ ದಾರಿ ತಪ್ಪಿಸುತ್ತದೆ. ಕೊನೆಯ 'ತಕ'ವನ್ನು ಗಟ್ಟಿಯಾಗಿ ಹೇಳಿದರೆ ಇದು ತಿದ್ದಿಕೊಳ್ಳುತ್ತದೆ. 4ರ ಪೆಟ್ಟನ್ನು ಅತಿಯಾಗಿ ಗುದ್ದಿದರೆ ಕೇಳುವವರು ಅದನ್ನೇ ಬೀಟ್ ಎಂದುಕೊಳ್ಳುತ್ತಾರೆ. ಪಿಯಾನೋದಲ್ಲಿ ಸ್ವರವನ್ನು ಉಳಿಸುವ ಪೆಡಲನ್ನು ಬಾರ್ ಉದ್ದಕ್ಕೂ ಒತ್ತಿಹಿಡಿದರೆ 5ರ ಖಾಲಿ ಜಾಗ ತುಂಬಿಹೋಗುತ್ತದೆ.

ಜಾಝ್ ನುಡಿಸಿ ಪಳಗಿದವರ ತೊಂದರೆ ಇನ್ನೊಂದು: ಕೈ ತಾನಾಗಿ ಸ್ವಿಂಗ್ ಮಾಡುತ್ತದೆ, ಜೋಡಿ ಸ್ವರಗಳಲ್ಲಿ ಮೊದಲನೆಯದು ಉದ್ದವಾಗುತ್ತದೆ. ಗಾಟ್‌ಶಾಕ್‌ನಲ್ಲಿ ಎಂಟೂ ಮಾತ್ರೆ ಸಮ.