17 ನಿಮಿಷದ ಬಿಸಿಲಿಗೆ ಕಟ್ಟಿದ ಗೋರಿ

1967ರ ಡಿಸೆಂಬರ್ 21. ಐರ್ಲೆಂಡಿನ ನ್ಯೂಗ್ರೇಂಜ್. ಹೊರಗೆ ಇನ್ನೂ ಕತ್ತಲು. ಪುರಾತತ್ವದ ಮೇಷ್ಟ್ರು ಮೈಕೆಲ್ ಒಕೆಲ್ಲಿ 19 ಮೀಟರ್ ಉದ್ದದ ಕಲ್ಲಿನ ಓಣಿ ದಾಟಿ, ಗೋರಿಯ ಒಳಕೋಣೆಯಲ್ಲಿ ಒಬ್ಬರೇ ಕಾದರು. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಬಾಗಿಲ ಮೇಲಿನ ಕಿಂಡಿಯಿಂದ ಕಡ್ಡಿಯಷ್ಟು ಸಣ್ಣ ಬೆಳಕು ನೆಲದ ಮೇಲೆ ಹರಿದು ಬಂತು. ನಿಧಾನಕ್ಕೆ ಅಗಲವಾಯಿತು. ಗೋಡೆ, ಚಾವಣಿ ಎಲ್ಲ ಕಂಡವು. 17 ನಿಮಿಷ, ಅಷ್ಟೇ. ಮತ್ತೆ ಕತ್ತಲು.

ಅದು ವರ್ಷದಲ್ಲೇ ಅತಿ ಚಿಕ್ಕ ಹಗಲಿನ ಹೊತ್ತು. ನಾವು ಸಂಕ್ರಾಂತಿಗೆ ಹೇಳುವ ಉತ್ತರಾಯಣ ಆಕಾಶದಲ್ಲಿ ನಿಜವಾಗಿ ಶುರುವಾಗುವುದೂ ಆಗಲೇ.

ಈ ಗೋರಿಯ ಬಾಯಿ ಸಿಕ್ಕಿದ್ದು 1699ರಲ್ಲಿ, ಜಮೀನುದಾರನ ಆಳುಗಳು ಕಲ್ಲಿಗಾಗಿ ದಿಬ್ಬ ಅಗೆದಾಗ. ಆಮೇಲೆ ಬಹಳ ಕಾಲ ಕೆಲವರು ಡೆನ್ಮಾರ್ಕಿನ ಡೇನರು ಕಟ್ಟಿದ್ದು ಅಂದರು, ಕೆಲವರು ಇನ್ಯಾರೋ ಪರದೇಶದವರು ಅಂದರು. ಅಲ್ಲಿನ ಹಳೇ ಜನರಿಗೆ ಇಷ್ಟು ಬುದ್ಧಿ ಇದ್ದೀತು ಅಂತ ಅವರಿಗೆ ಅನ್ನಿಸಲಿಲ್ಲವಲ್ಲ, ನನಗೆ ನೋವಾಗುವುದು ಅಲ್ಲಿ.

ಇದನ್ನು ಯಾವಾಗ ಕಟ್ಟಿದ್ದು ಅನ್ನುವುದಕ್ಕೆ ಉತ್ತರ ಗೋರಿಯ ಚಾವಣಿಯ ಸಂದಿಯಲ್ಲೇ ಇತ್ತು. 1962ರಿಂದ ಒಕೆಲ್ಲಿ ಅಗೆದಾಗ, ಕಲ್ಲುಗಳ ನಡುವೆ ಸುಟ್ಟ ಮಣ್ಣು ಮತ್ತು ಸಮುದ್ರದ ಮರಳು ಮೆತ್ತಿದ್ದು ಕಂಡಿತು. ಮಳೆನೀರು ಹರಿದುಹೋಗಲು ಚಪ್ಪಡಿಗಳ ಮೇಲೆ ಸಣ್ಣ ಕಾಲುವೆ ಕೊರೆದಿದ್ದರು. ಸೂರು ಸೋರಬಾರದು ಅಂತ ಮನೆ ಕಟ್ಟುವವರು ಮಾಡುವ ಕೆಲಸವೇ ಅಲ್ವಾ ಇದು? ಆ ಮಣ್ಣಿನೊಳಗಿನ ಇದ್ದಿಲನ್ನು ಪರೀಕ್ಷಿಸಿದರೆ ಕ್ರಿ.ಪೂ. 3200ರ ಆಸುಪಾಸು. ಗೀಜಾದ ದೊಡ್ಡ ಪಿರಮಿಡ್‌ಗಿಂತ 500 ವರ್ಷಕ್ಕೂ ಜಾಸ್ತಿ ಹಳೆಯದು!

ಕಟ್ಟಿದವರು ರೈತರು. ಅವರ ಹಿರೀಕರು ಗೋಧಿ, ಬಾರ್ಲಿ, ದನ, ಕುರಿ ಕಟ್ಟಿಕೊಂಡು ದೋಣಿಯಲ್ಲಿ ಬಂದವರು. ಮೂಲ ಈಗಿನ ಟರ್ಕಿಯ ಕಡೆ ಅಂತ ಡಿಎನ್‌ಎ ಹೇಳುತ್ತದೆ. ಲೋಹ ಗೊತ್ತಿರಲಿಲ್ಲ. ನಯ ಮಾಡಿದ ಕಲ್ಲಿನ ಕೊಡಲಿಯಿಂದ ಕಾಡು ಕಡಿದು ಹೊಲ ಮಾಡಿದರು. ಬೇಟೆಗಾರ ಜಾಗ ಬದಲಿಸಬಹುದು, ಹೊಲ ಮಾಡಿದವನು ಅಲ್ಲೇ ಉಳಿಯಬೇಕು. ಅಜ್ಜ ಮುತ್ತಜ್ಜನ ಮೂಳೆ ಇರುವ ನೆಲ ನಮ್ಮದು ಅಂತ ಸಾರಲು ಇಂಥ ಗೋರಿ ಕಟ್ಟಿದರು ಅನ್ನುವ ವಾದವಿದೆ. ನನಗೆ ಅದು ಸರಿ ಅನ್ನಿಸುತ್ತದೆ. ಕಣಜ ಬರಿದಾಗುವ ಚಳಿಗಾಲದಲ್ಲಿ ಸೂರ್ಯ ತಿರುಗಿದ್ದಾನೆ ಅನ್ನುವ ಖಾತ್ರಿಯೂ ಬೇಕಿತ್ತು.

2020ರಲ್ಲಿ ಒಳಗಿನ ಒಬ್ಬನ ಡಿಎನ್‌ಎ ಓದಿದಾಗ, ಅವನ ತಂದೆತಾಯಿ ತೀರಾ ಹತ್ತಿರದ ರಕ್ತಸಂಬಂಧಿಗಳು ಅಂತ ತಿಳಿಯಿತು. ಇದು ಆಳುವ ಮನೆತನದ ಗುರುತು ಅಂತ ಸಂಶೋಧಕರು ಅಂದರು. ಎಲ್ಲರೂ ಒಪ್ಪಿಲ್ಲ.

ಒಳಗೆ ಮಲಗಿದವನು ಯಾರೇ ಇರಲಿ, ದಿಬ್ಬದ ಸುತ್ತ 97 ದೊಡ್ಡ ಕಲ್ಲು ತಂದು ನಿಲ್ಲಿಸಿದವರಿದ್ದಾರಲ್ಲ. ಅವುಗಳಲ್ಲಿ ಕೆಲವಕ್ಕೆ ಬೆನ್ನ ಕಡೆಯೂ ಕೆತ್ತನೆ ಇದೆ. ಆ ಮಗ್ಗುಲು ಮಣ್ಣಿನೊಳಗೆ ಮುಚ್ಚಿಹೋಗಿತ್ತು, ಅಗೆದಾಗಲೇ ಕಂಡಿದ್ದು.