ಬ್ಯಾಬೇಜ್ ಕಂಪ್ಯೂಟರ್ ಮಾಡಲೇ ಇಲ್ಲ ಸ್ವಾಮಿ

ಓದುಗರ ಪ್ರಶ್ನೆ: ಕಂಪ್ಯೂಟರ್ ಕಂಡುಹಿಡಿದವರು ಚಾರ್ಲ್ಸ್ ಬ್ಯಾಬೇಜ್ ಅಂತ ಗೈಡ್‌ನಲ್ಲಿದೆ. ಮೊದಲ ಕಂಪ್ಯೂಟರ್ ಎನಿಯಾಕ್ ಅಂತಲೂ ಅದೇ ಪುಟದಲ್ಲಿದೆ. ಬ್ಯಾಬೇಜ್ ತೀರಿಕೊಂಡಿದ್ದು 1871ರಲ್ಲಿ, ಎನಿಯಾಕ್ ಬಂದಿದ್ದು 1946ರಲ್ಲಿ. ಎರಡೂ ಹೇಗೆ ಸರಿಯಾಗುತ್ತದೆ? ಅಬಾಕಸ್‌ನಿಂದ ಶುರುಮಾಡಿ ಹೇಳಿ.

ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಎಫ್‌ಡಿಎ, ಎಸ್‌ಡಿಎ ನೋಟಿಫಿಕೇಶನ್ ಹೊರಟ ವಾರವಂತೂ ಕೇಳಲೇಬೇಡಿ. ಬರೆದೂ ಬರೆದೂ ಸಾಕಾಗಿದೆ. ಆದರೆ ಈ ಸಲ ಕೇಳಿದವರು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದಾರೆ. ಗೈಡ್ ಓದುತ್ತಾ ಇಷ್ಟು ಅನುಮಾನ ಪಡುವವರು ಸಿಗುವುದೇ ಅಪರೂಪ. ಹಾಗಾಗಿ ಪೂರ್ತಿ ಬರೆಯುತ್ತೇನೆ.

ಅಬಾಕಸ್ ವಿಷಯ ಬೇಗ ಮುಗಿಸೋಣ. ಇಂಥವರೇ ಅದನ್ನು ಕಂಡುಹಿಡಿದರು ಅಂತ ಹೇಳೋಕಾಗಲ್ಲ. ಗ್ರೀಸಿನ ಸಲಾಮಿಸ್ ದ್ವೀಪದಲ್ಲಿ ಗೆರೆ ಕೊರೆದ ಅಮೃತಶಿಲೆಯ ಹಲಗೆ ಸಿಕ್ಕಿದೆ. ರೋಮನ್ನರ ಬಳಿ ಅಂಗೈಯಗಲದ ಕಂಚಿನ ಅಬಾಕಸ್ ಇತ್ತು. ಚೀನಾದವರು ಮಣಿ ಪೋಣಿಸಿದ ಚೌಕಟ್ಟು ಮಾಡಿಕೊಂಡರು. ನಿಮ್ಮ ಮಗು ಅಬಾಕಸ್ ಕ್ಲಾಸಿಗೆ ಒಯ್ಯುವುದು ಸಾಮಾನ್ಯವಾಗಿ ಅದರ ಜಪಾನಿ ರೂಪ. ಇವೆಲ್ಲ ಅಂಕಿಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಅಷ್ಟೇ. ಕೂಡುವುದು, 'ಕೈಯಲ್ಲಿ ಒಂದು' ಇಟ್ಟುಕೊಳ್ಳುವುದು ಎಲ್ಲ ಮನುಷ್ಯನದೇ ಕೆಲಸ.

ಆ 'ಕೈಯಲ್ಲಿ ಒಂದು' ಕೆಲಸವನ್ನು ಹಲ್ಲುಚಕ್ರಕ್ಕೆ ವಹಿಸಿದವರಲ್ಲಿ ಬ್ಲೇಸ್ ಪಾಸ್ಕಲ್ ಹೆಸರು ನಿಮಗೆ ಗೊತ್ತೇ ಇದೆ. ಅಪ್ಪ ಫ್ರಾನ್ಸಿನ ರುವಾನ್‌ನಲ್ಲಿ ತೆರಿಗೆ ಲೆಕ್ಕದಲ್ಲಿ ಮುಳುಗಿಹೋಗಿದ್ದರು. ಹುಡುಗ 1642ರಲ್ಲಿ ಕೂಡುವ ಯಂತ್ರಕ್ಕೆ ಕೈಹಾಕಿದ. ಆಮೇಲೆ ಲೈಬ್ನಿಟ್ಸ್ ಗುಣಾಕಾರಕ್ಕೂ ಆಗುವಂಥ ಯಂತ್ರ ಮಾಡಿದರು. ಅಂಗಡಿಯಲ್ಲಿ ಕೊಂಡು ಕಚೇರಿಯಲ್ಲಿ ಬಳಸುವಂಥ ಯಂತ್ರ ಕೊಟ್ಟಿದ್ದು ಮಾತ್ರ ಫ್ರಾನ್ಸಿನ ತೋಮಾ ದ ಕೋಲ್ಮಾರ್. 1820ರಲ್ಲಿ ಪೇಟೆಂಟ್, 1850ರ ದಶಕದಲ್ಲಿ ಮಾರಾಟ. ಈ ಹೆಸರು ಗೈಡ್‌ನಲ್ಲಿ ಕಾಣುವುದೇ ಅಪರೂಪ.

ಈಗ ಇಂಗ್ಲೆಂಡಿನ ಗಣಿತಜ್ಞ ಬ್ಯಾಬೇಜ್‌ಗೆ ಬರೋಣ.

ಬ್ಯಾಬೇಜ್ ಕಂಪ್ಯೂಟರ್ ತಯಾರಿಸಲಿಲ್ಲ. ಒಂದೂ ಇಲ್ಲ. ಅವರು ಎರಡು ಥರದ ಯಂತ್ರಕ್ಕೆ ನಕ್ಷೆ ಬರೆದರು. ಡಿಫರೆನ್ಸ್ ಎಂಜಿನ್ ಕಂಪ್ಯೂಟರ್ ಅಲ್ಲ. ಅನಾಲಿಟಿಕಲ್ ಎಂಜಿನ್ ಅನ್ನು ಕಂಪ್ಯೂಟರ್ ಅನ್ನಬಹುದಿತ್ತು, ಆದರೆ ಅದನ್ನು ಇವತ್ತಿನವರೆಗೂ ಯಾರೂ ಪೂರ್ತಿ ಕಟ್ಟಿಲ್ಲ. ಮನೆ ಪ್ಲಾನ್ ಬರೆಸಿದವರೆಲ್ಲ ಗೃಹಪ್ರವೇಶದ ಊಟ ಹಾಕಿಸಿದ್ದಾರಾ?

ಮೊದಲನೇ ಯಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬ್ಯಾಬೇಜ್ ತಾವೇ ಉದಾಹರಣೆಗೆ ಬಳಸುತ್ತಿದ್ದ ಸೂತ್ರ: ಒಂದು ಸಂಖ್ಯೆಯ ವರ್ಗ, ಅದಕ್ಕೆ ಅದೇ ಸಂಖ್ಯೆ ಸೇರಿಸಿ, ಮೇಲೆ 41 ಸೇರಿಸಿ. ಸೊನ್ನೆಯಿಂದ ಶುರುಮಾಡಿದರೆ 41, 43, 47, 53, 61, 71 ಬರುತ್ತದೆ. ಇವುಗಳ ನಡುವಿನ ವ್ಯತ್ಯಾಸ 2, 4, 6, 8, 10. ಆ ವ್ಯತ್ಯಾಸಗಳ ವ್ಯತ್ಯಾಸ ನೋಡಿ: ಎಲ್ಲಾ ಕಡೆ 2. ಮುಂದಿನ ಸಂಖ್ಯೆ ಬೇಕಾದರೆ ವರ್ಗ ಗಿರ್ಗ ಏನೂ ಬೇಡ. 10ಕ್ಕೆ 2 ಸೇರಿಸಿದರೆ 12. 71ಕ್ಕೆ 12 ಸೇರಿಸಿದರೆ 83. ಬರೀ ಕೂಡುವ ಲೆಕ್ಕ. ಕೂಡುವುದನ್ನು ಹಲ್ಲುಚಕ್ರ ಚೆನ್ನಾಗಿ ಮಾಡುತ್ತದೆ. ಹಿಡಿ ತಿರುಗಿಸುತ್ತಾ ಹೋದರೆ ಕೋಷ್ಟಕದ ಒಂದೊಂದೇ ಸಾಲು ಹೊರಬರುತ್ತದೆ. ಯೋಚನೆ ಬಹಳ ಸೊಗಸಾಗಿದೆ. ಆದರೆ ಈ ಯಂತ್ರಕ್ಕೆ ಗೊತ್ತಿರುವುದು ಇದೊಂದೇ ಕೆಲಸ. 'ಉತ್ತರ ಸೊನ್ನೆಗಿಂತ ಕಡಿಮೆಯಾದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು' ಅಂತ ಅದಕ್ಕೆ ಹೇಳೋಕೆ ದಾರಿಯೇ ಇಲ್ಲ.

ಇದಕ್ಕೆ ಬ್ರಿಟಿಷ್ ಸರ್ಕಾರ 1823ರಿಂದ ಹಣ ಕೊಡುತ್ತಾ ಬಂತು. ಒಟ್ಟು 17,000 ಪೌಂಡ್‌ಗೂ ಜಾಸ್ತಿ. ಆ ಕಾಲದಲ್ಲಿ ಅಷ್ಟು ಹಣಕ್ಕೆ ಇಪ್ಪತ್ತು ರೈಲು ಎಂಜಿನ್ ಬರುತ್ತಿದ್ದವು. 1832ರಲ್ಲಿ ಯಂತ್ರದ ಏಳನೇ ಒಂದು ಭಾಗ ಜೋಡಣೆಯಾಯಿತು. ಬ್ಯಾಬೇಜ್ ಅದನ್ನು ಮನೆಯಲ್ಲಿಟ್ಟು ಅತಿಥಿಗಳಿಗೆ ತೋರಿಸುತ್ತಿದ್ದರು. ಮರುವರ್ಷ ಯಂತ್ರ ತಯಾರಿಸುತ್ತಿದ್ದ ಜೋಸೆಫ್ ಕ್ಲೆಮೆಂಟ್ ಜೊತೆ ದುಡ್ಡಿನ ವಿಷಯಕ್ಕೆ ಜಗಳವಾಯಿತು. ಕ್ಲೆಮೆಂಟ್ ಕೆಲಸಗಾರರನ್ನು ಮನೆಗೆ ಕಳಿಸಿದರು. 1842ರಲ್ಲಿ ಸರ್ಕಾರ ಅಧಿಕೃತವಾಗಿ ಕೈತೊಳೆದುಕೊಂಡಿತು. ತಯಾರಾಗಿದ್ದ ಸಾವಿರಾರು ಬಿಡಿಭಾಗಗಳಲ್ಲಿ ಹೆಚ್ಚಿನವು ಗುಜರಿಗೆ ಹೋಗಿ ಕರಗಿದವು.

'ಲಂಡನ್ ಮ್ಯೂಸಿಯಂನಲ್ಲಿ ಬ್ಯಾಬೇಜ್ ಯಂತ್ರ ಇದೆಯಲ್ಲ, ವಿಡಿಯೋ ನೋಡಿದ್ದೇನೆ' ಅಂತ ಈಗ ಒಬ್ಬರು ಬರೆಯುತ್ತಾರೆ, ನನಗೆ ಗೊತ್ತು. ಅದು 1840ರ ದಶಕದ ಕೊನೆಯಲ್ಲಿ ಅವರು ಬರೆದ ಎರಡನೇ ಡಿಫರೆನ್ಸ್ ಎಂಜಿನ್ ನಕ್ಷೆಯದ್ದು. ಅದರ ಲೆಕ್ಕದ ಭಾಗವನ್ನು ಸೈನ್ಸ್ ಮ್ಯೂಸಿಯಂನವರು ಕಟ್ಟಿ ಮುಗಿಸಿದ್ದು 1991ರಲ್ಲಿ, ಬ್ಯಾಬೇಜ್ ಹುಟ್ಟಿ 200 ವರ್ಷ ತುಂಬಿದಾಗ. 4,000 ಬಿಡಿಭಾಗ, ಸರಿಯಾದ ಉತ್ತರ. ನಕ್ಷೆ ಸರಿ ಇತ್ತು ಅಂತ ಸಾಬೀತಾಯಿತು, ಸಂತೋಷ. ಆದರೆ ಅದೂ ವ್ಯತ್ಯಾಸ ಕೂಡುವ ಯಂತ್ರವೇ.

1834ರಿಂದ ಅವರ ತಲೆ ಹೊಕ್ಕ ಅನಾಲಿಟಿಕಲ್ ಎಂಜಿನ್ ಕಥೆಯೇ ಬೇರೆ. ಸಂಖ್ಯೆ ಇಡಲು ಉಗ್ರಾಣ, ಲೆಕ್ಕ ಮಾಡಲು ಗಿರಣಿ. ಹೆಸರು ಬ್ಯಾಬೇಜ್ ಇಟ್ಟಿದ್ದೇ. ಜಕಾರ್ ಮಗ್ಗದಲ್ಲಿ ಸೀರೆಯ ಬಾರ್ಡರಿಗೆ ಬಳಸುವ ತೂತಿನ ಕಾರ್ಡ್ ನೋಡಿದ್ದೀರಲ್ಲ, ಅಂಥ ಕಾರ್ಡ್‌ನಲ್ಲೇ ಆದೇಶ. ಬಂದ ಉತ್ತರ ನೋಡಿ ಮುಂದಿನ ದಾರಿ ಆರಿಸಿಕೊಳ್ಳುವ ವ್ಯವಸ್ಥೆಯೂ ಇತ್ತು. 1843ರಲ್ಲಿ ಇಂಗ್ಲೆಂಡಿನ ಗಣಿತಜ್ಞೆ ಏಡಾ ಲವ್‌ಲೇಸ್ ಇದರ ಬಗ್ಗೆ ಬರೆದ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳು ಅನ್ನುವ ಗಣಿತದ ಸರಣಿಯನ್ನು ಲೆಕ್ಕ ಹಾಕುವ ಕ್ರಮ ಹಂತಹಂತವಾಗಿದೆ. ಇದನ್ನೆಲ್ಲ ಓದಿದರೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಇದ್ದಿದ್ದು ಕಾಗದದ ಮೇಲೆ. ಬ್ಯಾಬೇಜ್ ಸಾಯುವಾಗ ಸಣ್ಣ ತುಣುಕಷ್ಟೇ ತಯಾರಾಗಿತ್ತು.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮುಂದೆ ನಿಜವಾಗಿ ಕಂಪ್ಯೂಟರ್ ಕಟ್ಟಿದವರಲ್ಲಿ ಹೆಚ್ಚಿನವರು ಬ್ಯಾಬೇಜ್ ನಕ್ಷೆ ನೋಡಿ ಕಟ್ಟಿದ್ದಲ್ಲ. ಬರ್ಲಿನ್‌ನಲ್ಲಿ ಕೊನ್ರಾಡ್ ತ್ಸೂಸ ಅಪ್ಪ-ಅಮ್ಮನ ಮನೆಯ ಹಾಲ್‌ನಲ್ಲೇ ಯಂತ್ರ ಕಟ್ಟಲು ಕೂತಾಗ ಬ್ಯಾಬೇಜ್ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಅವರ ಜ಼ಡ್3 ಯಂತ್ರ 1941ರ ಮೇ 12ರಂದು ಕೆಲಸ ಮಾಡಿ ತೋರಿಸಿತು. 2,000ಕ್ಕೂ ಜಾಸ್ತಿ ರಿಲೇ (ಕರೆಂಟಿನಿಂದ ತೆರೆದು ಮುಚ್ಚುವ ಸ್ವಿಚ್), ಬೇಡವಾದ ಸಿನಿಮಾ ರೀಲಿನಲ್ಲಿ ತೂತು ಹೊಡೆದು ಬರೆದ ಪ್ರೋಗ್ರಾಂ. ಯುದ್ಧದ ಬಾಂಬ್ ದಾಳಿಯಲ್ಲಿ ಅದು ನಾಶವಾಯಿತು. ಬ್ಯಾಬೇಜ್ ಹೆಸರು ಹೇಳಿಕೊಂಡೇ ದೊಡ್ಡ ಯಂತ್ರ ಮಾಡಿಸಿದವರು ಹಾರ್ವರ್ಡ್‌ನ ಹೋವರ್ಡ್ ಐಕನ್.

ಹಾಗಾದರೆ ಮೊದಲನೆಯದು ಯಾವುದು? ನೀವು ಏನನ್ನು ಕಂಪ್ಯೂಟರ್ ಅನ್ನುತ್ತೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ಪ್ರೋಗ್ರಾಂ ಪ್ರಕಾರ ನಡೆಯುವ, ನಿಜವಾಗಿ ಓಡಿದ ಯಂತ್ರ ಅಂದರೆ ಜ಼ಡ್3. ಎಲೆಕ್ಟ್ರಾನಿಕ್ ಅಂದರೆ ಅಮೆರಿಕದ ಅಯೋವಾದಲ್ಲಿ ಅಟನಾಸಾಫ್ ಮತ್ತು ಬೆರ್ರಿ 1942ರ ಹೊತ್ತಿಗೆ ಕಟ್ಟಿದ ಸಮೀಕರಣ ಬಿಡಿಸುವ ಯಂತ್ರ. ಇಂಗ್ಲೆಂಡಿನಲ್ಲಿ ಟಾಮಿ ಫ್ಲವರ್ಸ್ ಕಟ್ಟಿದ ಕೊಲೊಸಸ್ 1944ರಿಂದ ಜರ್ಮನರ ಗುಪ್ತ ಸಂದೇಶ ಬಿಡಿಸುತ್ತಿತ್ತು. ಅದನ್ನು 1970ರ ದಶಕದವರೆಗೆ ಗುಟ್ಟಾಗಿಟ್ಟಿದ್ದರು, ಹಳೇ ಗೈಡ್‌ಗಳಲ್ಲಿ ಇಲ್ಲದಿರುವುದಕ್ಕೆ ಅದೇ ಕಾರಣ. ಯಾವ ಲೆಕ್ಕಕ್ಕೆ ಬೇಕಾದರೂ ತಿರುಗಿಸಬಹುದಾದ ಎಲೆಕ್ಟ್ರಾನಿಕ್ ಯಂತ್ರ ಅಂದರೆ ಎನಿಯಾಕ್: ಹಳೇ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ವಾಲ್ವ್ ಸುಮಾರು 18,000, ತೂಕ 30 ಟನ್. ಆದರೆ ಹೊಸ ಲೆಕ್ಕ ಬಂದಾಗಲೆಲ್ಲ ಆರು ಜನ ಹೆಣ್ಣುಮಕ್ಕಳ ತಂಡ ಕೇಬಲ್ ಕಿತ್ತು, ಮತ್ತೆ ಚುಚ್ಚಿ, ಸ್ವಿಚ್ ತಿರುಗಿಸಿ ದಿನಗಟ್ಟಲೆ ಹೆಣಗಬೇಕಿತ್ತು. ಎನಿಯಾಕ್ ಪೇಟೆಂಟನ್ನು 1973ರಲ್ಲಿ ಅಮೆರಿಕದ ಕೋರ್ಟ್ ರದ್ದು ಮಾಡಿತು. ಅಟನಾಸಾಫ್ ಯಂತ್ರದ ವಿಚಾರ ಅದರಲ್ಲಿದೆ ಅನ್ನುವುದು ಒಂದು ಕಾರಣ.

ನನ್ನನ್ನು ಕೇಳಿದರೆ ಮ್ಯಾಂಚೆಸ್ಟರ್‌ನ 'ಬೇಬಿ' ಕಡೆ ಬೆರಳು ತೋರಿಸುತ್ತೇನೆ. ನಿಮ್ಮ ಮೊಬೈಲ್ ಥರ ಪ್ರೋಗ್ರಾಂ ಅನ್ನೂ ಅಂಕಿಯನ್ನೂ ಒಂದೇ ಎಲೆಕ್ಟ್ರಾನಿಕ್ ಮೆಮೊರಿಯಲ್ಲಿಟ್ಟು ಓಡಿದ ಮೊದಲ ಯಂತ್ರ ಅದು. 1948ರ ಜೂನ್ 21ರಂದು ಟಾಮ್ ಕಿಲ್ಬರ್ನ್ ಬರೆದ ಪ್ರೋಗ್ರಾಂ ಕೊಟ್ಟರು. 2,62,144 ಅನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕದಾದ ಅತಿ ದೊಡ್ಡ ಸಂಖ್ಯೆ ಯಾವುದು? ಅರ್ಧ ಅಂತ ನೀವು ಕಣ್ಣುಮುಚ್ಚಿ ಹೇಳುತ್ತೀರಿ, 1,31,072. ಬೇಬಿ ಒಂದೊಂದೇ ಸಂಖ್ಯೆ ಹಿಡಿದು ನೋಡುತ್ತಾ 52 ನಿಮಿಷ ತೆಗೆದುಕೊಂಡಿತು. ಯಂತ್ರ ಅಷ್ಟು ಹೊತ್ತು ಕೆಡದೆ ನಡೆಯುತ್ತದಾ ಅಂತ ನೋಡುವುದೇ ಉದ್ದೇಶವಾಗಿತ್ತು.

ಪರೀಕ್ಷೆಯಲ್ಲಿ 'ಕಂಪ್ಯೂಟರ್ ಪಿತಾಮಹ ಯಾರು' ಎಂದು ಬಂದರೆ ಸುಮ್ನೆ ಬ್ಯಾಬೇಜ್ ಅಂತ ಗುರುತು ಹಾಕಿ ಮುಂದೆ ಹೋಗಿ. ಅಲ್ಲಿ ಕೂತು ಕೀ ಆನ್ಸರ್ ಜೊತೆ ಜಗಳ ಬೇಡ. 'ಕಟ್ಟಿದವರು ಯಾರು' ಎಂದು ಬಂದರೆ ಮಾತ್ರ ಒಂದು ಕ್ಷಣ ನಿಲ್ಲಿ.

ಯಾರೂ ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಗೈಡ್‌ಗಳ ಪಟ್ಟಿಯಲ್ಲಿ ಅಬಾಕಸ್ ಆದಮೇಲೆ 'ನೇಪಿಯರ್ ಬೋನ್ಸ್' ಇರುತ್ತದೆ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1617ರಲ್ಲಿ ಪ್ರಕಟಿಸಿದ, ಮಗ್ಗಿ ಕೆತ್ತಿದ ಕಡ್ಡಿಗಳು. ಅದೇ ನೇಪಿಯರ್ 1614ರಲ್ಲಿ ಕೊಟ್ಟ ಲಾಗರಿದಂ ಎಲ್ಲಿ ಹೋಯಿತು? ಪಟ್ಟಿ ಮಾಡಿದವರು ಕಡ್ಡಿ ಇಟ್ಟುಕೊಂಡು ಲಾಗ್ ಬಿಟ್ಟಿದ್ದಾರೆ! ಮುನ್ನೂರು ವರ್ಷಕ್ಕೂ ಜಾಸ್ತಿ ಕಾಲ ಹಡಗು, ಸೇತುವೆ, ಖಗೋಳದ ಲೆಕ್ಕವೆಲ್ಲ ನಡೆದಿದ್ದು ಅದರ ಮೇಲೆ. ಪಿಯುಸಿಯಲ್ಲಿ ಲಾಗ್ ಟೇಬಲ್ ಪುಸ್ತಕ ತಿರುವಿದವರಿಗೆ ನೆನಪಿರುತ್ತದೆ: 2ಕ್ಕೆ 0.3010, 3ಕ್ಕೆ 0.4771. ಎರಡನ್ನೂ ಕೂಡಿದರೆ 0.7781. ಟೇಬಲ್‌ನಲ್ಲಿ ಹುಡುಕಿದರೆ ಅದಕ್ಕೆ ತೀರಾ ಹತ್ತಿರದ್ದು 0.7782, ಅದು 6ರದ್ದು. ಗುಣಾಕಾರ ಕೂಡುವ ಲೆಕ್ಕವಾಯಿತು.

ಬ್ಯಾಬೇಜ್ ಯಂತ್ರದ ಹುಚ್ಚಿಗೆ ಮೂಲವೂ ಇಂಥ ಟೇಬಲ್‌ಗಳೇ. ಅಚ್ಚಿನ ಮೊಳೆ ಜೋಡಿಸುವಾಗ ಒಂದು ಅಂಕಿ ತಪ್ಪಿದರೂ ಅದನ್ನು ನಂಬಿದ ಹಡಗು ದಾರಿ ತಪ್ಪಬಹುದು. ಅದಕ್ಕೇ ಅವರ ನಕ್ಷೆಯಲ್ಲಿ ಮುದ್ರಣದ ಅಚ್ಚನ್ನೂ ಯಂತ್ರವೇ ಒತ್ತಬೇಕಿತ್ತು. ತಮಾಷೆ ನೋಡಿ, 1827ರಲ್ಲಿ ಅವರೇ 1ರಿಂದ 1,08,000ದವರೆಗಿನ ಲಾಗ್ ಟೇಬಲ್ ಪುಸ್ತಕ ಹೊರತಂದರು. ಯಾವ ಕಾಗದದ ಮೇಲೆ ಯಾವ ಶಾಯಿ ಇದ್ದರೆ ಕಣ್ಣಿಗೆ ಹಿತ ಅಂತ ನೋಡಲು ನೂರೈವತ್ತು ಬಗೆಯ ಬಣ್ಣದ ಕಾಗದದಲ್ಲಿ ಮಾದರಿ ಅಚ್ಚು ಹಾಕಿಸಿದರು. ಅವರ ಯಂತ್ರ ಕೈಗೆ ಬರಲಿಲ್ಲ, ಪುಸ್ತಕವನ್ನು ಜನ ದಶಕಗಟ್ಟಲೆ ಬಳಸಿದರು.

ಲಾಗ್ ಟೇಬಲನ್ನೇ ಎರಡು ಪಟ್ಟಿಯ ಮೇಲೆ ಗೆರೆಯಾಗಿ ಕೆತ್ತಿದರೆ ಸ್ಲೈಡ್ ರೂಲ್. ಎಂಜಿನಿಯರ್ ಜೇಬಿನಿಂದ ಅದನ್ನು ಕಿತ್ತಿದ್ದು 30 ಟನ್ನಿನ ಎನಿಯಾಕ್ ಅಲ್ಲ, 1972ರಲ್ಲಿ 395 ಡಾಲರಿಗೆ ಬಂದ ಎಚ್‌ಪಿ-35 ಕ್ಯಾಲ್ಕುಲೇಟರ್. ಲಾಗ್ ಮಾತ್ರ ಪೂರ್ತಿ ಹೋಗಿಲ್ಲ. ಕ್ಯಾಲ್ಕುಲೇಟರ್ ಬಿಡದ ನೀಟ್, ಜೆಇಇ ಕೆಮಿಸ್ಟ್ರಿ ಪೇಪರಿನಲ್ಲಿ ಪಿಎಚ್ ಲೆಕ್ಕದ ಕೊನೆಗೆ ಈಗಲೂ 'ಲಾಗ್ 2 = 0.3010' ಎಂದು ಕೊಟ್ಟಿರುತ್ತಾರೆ.